ಕೃತಕ ಕೈ ಕೊಳ್ಳುವ ಮುನ್ನ: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ಹಾವೇರಿ ಜಿಲ್ಲೆಯಿಂದ ನೀವು ಬರೆದ ಪತ್ರ ತಲುಪಿದೆ. ಹೆಸರು ಮತ್ತು ಊರು ಅಚ್ಚಾಗಬಾರದೆಂಬ ನಿಮ್ಮ ಕೋರಿಕೆಯನ್ನು ಪಾಲಿಸಿದ್ದೇವೆ. ಇತರ ಓದುಗರಿಗೆ ತಿಳಿಯಲೆಂದು ಪತ್ರದ ಸಾರವನ್ನಷ್ಟೇ ಹೇಳುತ್ತೇನೆ. ನಿಮ್ಮ ತಮ್ಮನವರಿಗೆ ಮೂವತ್ತೊಂದು ವರ್ಷ, ಬೇಸಾಯಗಾರರು. ಗೋವಿನಜೋಳದ ರಾಶಿ ಮಷಿನ್‌ಗೆ ಬಲಗೈ ಸಿಕ್ಕಿ, ಮೊಣಕೈಯ ಕೆಳಗೆ ಸ್ವಲ್ಪ ಭಾಗ ಮಾತ್ರ ಉಳಿದಿದೆ. ಇದಾಗಿ ಐದು ತಿಂಗಳು ಕಳೆದಿವೆ. ಮನಸ್ಸಿನಲ್ಲಿ ಎಣಿಸಿದಂತೆ ಆಡುವ, ಮುಟ್ಟಿದ್ದು ತಿಳಿಯುವ ಕೃತಕ ಕೈಗಳ ಬಗ್ಗೆ ನಮ್ಮ ಹಿಂದಿನ ಸಂಚಿಕೆಯಲ್ಲಿ ಬಂದ ಲೇಖನವನ್ನು ಅವರು ಮತ್ತೆ ಮತ್ತೆ ಓದಿದ್ದಾರೆ. ಇದೇ ಹೊತ್ತಿಗೆ ಮಾರಾಟಗಾರರೊಬ್ಬರು ಮನೆಗೆ ಬಂದು, ಮೊಬೈಲಿನಲ್ಲಿ ವೀಡಿಯೊ ತೋರಿಸಿ, ಎಂಟು ಲಕ್ಷ ರೂಪಾಯಿಯ ಎಲೆಕ್ಟ್ರಾನಿಕ್ ಕೈಯೊಂದರ ದರಪಟ್ಟಿ ಕೊಟ್ಟುಹೋಗಿದ್ದಾರೆ. ಒಂದು ಎಕರೆ ಹೊಲ ಮಾರಿ ಅದನ್ನು ಕೊಳ್ಳಬಹುದೇ, ಸಂಶೋಧನೆಯಲ್ಲಿ ಸಾಬೀತಾದದ್ದು ಎಷ್ಟು, ಹೊಸ ಸಾಧನಗಳನ್ನು ಜನರ ಮೇಲೆ ಪರೀಕ್ಷಿಸಿ ನೋಡುವ ಕ್ಲಿನಿಕಲ್ ಟ್ರಯಲ್‌ಗೆ ಸೇರಲು ದಾರಿಯಿದೆಯೇ ಎಂದು ಕೇಳಿದ್ದೀರಿ. ಕೊನೆಯಲ್ಲಿ ನಿಮ್ಮ ತಾಯಿಯವರ ಪ್ರಶ್ನೆಯೊಂದನ್ನೂ ಸೇರಿಸಿದ್ದೀರಿ.

ಮೊದಲನೆಯ ಪ್ರಶ್ನೆಗೆ ನೇರವಾದ ಉತ್ತರ ಕೊಟ್ಟೇ ಮುಂದೆ ಹೋಗುತ್ತೇನೆ. ಈಗ ಹೊಲ ಮಾರಬೇಡಿ. ಆದರೆ ಕೈ ಜೋಡಿಸುವ ಕೆಲಸವನ್ನು ಮುಂದೂಡಲೂ ಬೇಡಿ. ಈ ಎರಡೂ ಮಾತಿಗೆ ಆಧಾರ ಆ ಸಂಶೋಧನೆಯಲ್ಲೇ ಇದೆ. ಆದ್ದರಿಂದ ಅದನ್ನು ಹೇಗೆ ಓದಬೇಕೆಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಇಂದು ನಾವು ವೀಡಿಯೊಗಳಲ್ಲಿ ನೋಡುವ ಹಲವು ಕೈಗಳ ಹಿಂದೆ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ 2006ರಲ್ಲಿ ಆರಂಭಿಸಿದ ಯೋಜನೆಯಿದೆ. ಇರಾಕ್ ಮತ್ತು ಅಫ್ಘಾನಿಸ್ತಾನದ ಯುದ್ಧಗಳಲ್ಲಿ ಕೈ ಕಳೆದುಕೊಂಡು ಮರಳಿದ ಸೈನಿಕರಿಗೆ ಕೊಡಲು ಇದ್ದದ್ದು ಮುಖ್ಯವಾಗಿ 1912ರಲ್ಲಿ ಡೊರೆನ್ಸ್ ಎಂಬವರು ಪೇಟೆಂಟ್ ಪಡೆದ ಹುಕ್ಕಿನ ವಂಶಕ್ಕೆ ಸೇರಿದ ಸಾಧನಗಳು. ಅದನ್ನು ಮೀರಬೇಕೆಂಬ ಉದ್ದೇಶದಿಂದ ಆವಿಷ್ಕಾರಕ ಡೀನ್ ಕೇಮನ್ ಅವರ ಡೆಕಾ ಸಂಸ್ಥೆ ಒಂದು ತೋಳನ್ನು ರೂಪಿಸಿತು. ಅದಕ್ಕೆ 2014ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮಾರಾಟದ ಅನುಮತಿ ಕೊಟ್ಟಿತು. ಅನುಮತಿಗೆ ಆಧಾರವಾದ ಅಧ್ಯಯನವನ್ನು ನಡೆಸಿದ್ದು ಅಲ್ಲಿನ ನಿವೃತ್ತ ಸೈನಿಕರ ಇಲಾಖೆ; ನಾಲ್ಕು ಕೇಂದ್ರಗಳಲ್ಲಿ 36 ಮಂದಿಯಿಂದ ಮಾಹಿತಿ ಪಡೆಯಲಾಯಿತು. ಅವರಲ್ಲಿ ಸುಮಾರು ಶೇಕಡ 90ರಷ್ಟು ಮಂದಿ, ತಮ್ಮ ಹಳೆಯ ಕೃತಕ ಕೈಯಿಂದ ಆಗದಿದ್ದ ಕೆಲಸಗಳನ್ನು ಇದರಿಂದ ಮಾಡಿ ತೋರಿಸಿದರು: ಬೀಗ ತೆಗೆಯುವುದು, ಅಡುಗೆ ಮಾಡಿಕೊಂಡು ಉಣ್ಣುವುದು, ಜಿಪ್ ಎಳೆಯುವುದು, ತಲೆ ಬಾಚುವುದು.

ಇದು ನಿಜವಾದ ಸಾಧನೆ, ಅದರ ಬಗ್ಗೆ ನನಗೆ ಸಂದೇಹವಿಲ್ಲ. ಆದರೆ ಶೇಕಡ 90 ಎಂಬ ಅಂಕಿ ಯಾವ ಪ್ರಶ್ನೆಗೆ ಉತ್ತರ ಎಂಬುದನ್ನು ಗಮನಿಸಬೇಕು. "ತರಬೇತಿ ಪಡೆದ ಮೇಲೆ ಹಿಂದೆ ಆಗದಿದ್ದ ಒಂದು ಕೆಲಸ ಈಗ ಆಗುತ್ತದೆಯೇ?" ಎಂಬುದು ಅಲ್ಲಿಯ ಪ್ರಶ್ನೆ. "ಆರು ತಿಂಗಳ ನಂತರ ಬೆಳಗ್ಗೆ ಎದ್ದು ಈ ಕೈಯನ್ನು ಹಾಕಿಕೊಳ್ಳುತ್ತಾರೆಯೇ?" ಎಂಬುದು ಬೇರೆ ಪ್ರಶ್ನೆ. ಇದೇ ಇಲಾಖೆಯ ಸಂಶೋಧಕಿ ಲಿಂಡಾ ರೆಸ್ನಿಕ್ ಮತ್ತು ಅವರ ತಂಡ ಈ ವ್ಯತ್ಯಾಸವನ್ನು ಅರಿತೇ ಮುಂದಿನ ಅಧ್ಯಯನವನ್ನು ಎರಡು ಹಂತವಾಗಿ ರೂಪಿಸಿತು. ಮೊದಲು ಪ್ರಯೋಗಾಲಯದಲ್ಲಿ ತರಬೇತಿ, ಆಮೇಲೆ ಸುಮಾರು ಮೂರು ತಿಂಗಳು ಮನೆಯಲ್ಲಿ ಬಳಕೆ. ಮೊದಲ ಹಂತ ಮುಗಿಸಿದ ಎಲ್ಲರೂ ಆ ತೋಳನ್ನು ಮನೆಗೆ ಒಯ್ಯಲಿಲ್ಲ. ಅದನ್ನು ನಡೆಸುವ ಕ್ರಮದಲ್ಲೇ ಒಂದು ಕಾರಣ ಕಾಣುತ್ತದೆ. ಹಲವು ಕೀಲುಗಳನ್ನು ಒಟ್ಟಿಗೆ ಆಡಿಸಲು ಬೇಕಾದಷ್ಟು ಸ್ನಾಯು ಸಂಕೇತಗಳು ತೋಳಿನಲ್ಲಿ ಉಳಿದಿರದ ಕಾರಣ, ಪಾದರಕ್ಷೆಗೆ ಕಟ್ಟಿದ ಸಂವೇದಕಗಳಿಂದ ಆಜ್ಞೆ ಕೊಡುವ ವ್ಯವಸ್ಥೆ ಮಾಡಿದ್ದರು. ಪಾದವನ್ನು ಮುಂದಕ್ಕೆ ಬಾಗಿಸಿದರೆ ಒಂದು ಚಲನೆ, ಪಕ್ಕಕ್ಕೆ ವಾಲಿಸಿದರೆ ಇನ್ನೊಂದು. ನಡೆಯುವಾಗ ತೋಳು ತಾನಾಗಿ ಆಡದಂತೆ ಈ ಆಜ್ಞೆಗಳು ಸ್ತಬ್ಧವಾಗಬೇಕು. ಹೊಸ್ತಿಲಲ್ಲೇ ಚಪ್ಪಲಿ ಬಿಡುವ ನಮ್ಮ ಮನೆಗಳಲ್ಲಿ, ಬರಿಗಾಲಲ್ಲಿ ಮಣ್ಣು ತುಳಿಯುವ ಹೊಲದಲ್ಲಿ ಇಂಥ ವ್ಯವಸ್ಥೆಯ ಗತಿ ಏನು ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಆ ಅಧ್ಯಯನ ನಡೆದದ್ದು ಇಂಥ ಮನೆಗಳಲ್ಲಲ್ಲ.

ಅಳತೆಯ ವಿಷಯವನ್ನು ಇನ್ನಷ್ಟು ಹತ್ತಿರದಿಂದ ನೋಡೋಣ, ಏಕೆಂದರೆ ಮಾರಾಟಗಾರರ ವೀಡಿಯೊದ ಗುಟ್ಟು ಇಲ್ಲೇ ಇರುವುದು. ಕೃತಕ ಕೈಗಳ ಅಧ್ಯಯನದಲ್ಲಿ ಬಹಳ ಬಳಕೆಯಲ್ಲಿರುವ ಒಂದು ಪರೀಕ್ಷೆಗೆ 'ಬಾಕ್ಸ್ ಅಂಡ್ ಬ್ಲಾಕ್' ಎಂದು ಹೆಸರು. ನಡುವೆ ಅಡ್ಡಗೋಡೆಯಿರುವ ಮರದ ಪೆಟ್ಟಿಗೆ. ಒಂದು ಕಡೆ ಎರಡೂವರೆ ಸೆಂಟಿಮೀಟರ್ ಅಳತೆಯ 150 ಮರದ ಘನಗಳು. ಒಂದು ನಿಮಿಷದಲ್ಲಿ ಒಂದೊಂದಾಗಿ ಎಷ್ಟನ್ನು ಗೋಡೆ ದಾಟಿಸುತ್ತೀರಿ ಎಂಬುದೇ ಲೆಕ್ಕ. ಸಹಜ ಕೈಯಿರುವ ವಯಸ್ಕರು ಸುಮಾರು 75 ದಾಟಿಸುತ್ತಾರೆ. ಎಷ್ಟೇ ದುಬಾರಿಯಾದ ಕೃತಕ ಕೈಯೂ ಅದರ ಹತ್ತಿರ ಸುಳಿಯುವುದಿಲ್ಲ. ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ರೂಪುಗೊಂಡ ಇನ್ನೊಂದು ಪರೀಕ್ಷೆಯಲ್ಲಿ 26 ಕೆಲಸಗಳಿವೆ. ಹನ್ನೆರಡು ಬೇರೆ ಬೇರೆ ಆಕಾರ ಮತ್ತು ತೂಕದ ವಸ್ತುಗಳನ್ನು ಎತ್ತಿಡುವುದು; ಉಳಿದ ಹದಿನಾಲ್ಕು ನಾಣ್ಯ ಹೆಕ್ಕುವುದು, ಗುಂಡಿ ಬಿಚ್ಚುವುದು, ಹಾಳೆ ಮಗುಚುವುದು, ಡಬ್ಬಿಯ ಮುಚ್ಚಳ ತಿರುಗಿಸುವುದು, ನೀರು ಬಗ್ಗಿಸುವುದು ಮುಂತಾದ ದಿನಬಳಕೆಯವು. ಎಲ್ಲಕ್ಕೂ ಗಡಿಯಾರ ಹಿಡಿದು ಸಮಯ ಅಳೆಯುತ್ತಾರೆ. ಇವು ಒಳ್ಳೆಯ ಪರೀಕ್ಷೆಗಳು. ಇವಿಲ್ಲದೆ ಎರಡು ಸಾಧನಗಳನ್ನು ಹೋಲಿಸುವುದೇ ಆಗುತ್ತಿರಲಿಲ್ಲ. ಆದರೆ ಎಲ್ಲವೂ ಮೇಜಿನ ಮೇಲೆ, ಎದೆಯ ಮಟ್ಟದಲ್ಲಿ, ಒಣಗಿದ ಚರ್ಮದ ಮೇಲೆ ಹೊಂದಿಸಿದ ಎಲೆಕ್ಟ್ರೋಡಿನಿಂದ (ಸ್ನಾಯುವಿನ ವಿದ್ಯುತ್ ಸಂಕೇತವನ್ನು ಹಿಡಿಯುವ ಪುಟ್ಟ ಲೋಹದ ತುಣುಕಿನಿಂದ) ನಡೆಯುವಂಥವು. ನಿಮ್ಮ ತಮ್ಮನವರು ಬರೆಸಿರುವ ಪಟ್ಟಿಯಲ್ಲಿ ಇರುವುದು ಚೀಲದ ಬಾಯಿ ಕಟ್ಟುವುದು, ಸಲಿಕೆ ಹಿಡಿಯುವುದು, ಪಂಪ್‌ಸೆಟ್ಟಿನ ಪೈಪು ಜೋಡಿಸುವುದು, ಬೈಕು ಓಡಿಸುವುದು. ಬೆವರಿದಾಗ ಎಲೆಕ್ಟ್ರೋಡ್ ಜಾರುತ್ತದೆ. ತೋಳನ್ನು ಮೇಲೆತ್ತಿದಾಗ ಅದೇ ಸ್ನಾಯುವಿನ ಸಂಕೇತ ಬೇರೆಯಾಗಿ ಬರುತ್ತದೆ. ಕೆಳಗಿದ್ದಾಗ ತೆರೆದುಕೊಂಡ ಕೈ ಮೇಲೆತ್ತಿದಾಗ ಹಟ ಹಿಡಿಯುವುದಕ್ಕೆ ಇದೇ ಕಾರಣ.

ಹಾಗಾದರೆ ಮನೆಗೆ ಹೋದ ಕೈಗಳ ಗತಿ ಏನಾಯಿತು? ಈ ಕ್ಷೇತ್ರದಲ್ಲಿ ನನ್ನ ದೃಷ್ಟಿಗೆ ಅತ್ಯಂತ ಬೆಲೆಯುಳ್ಳ ಕೆಲಸ ಇದನ್ನು ಕೇಳಿದ್ದೇ. ಕೆನಡಾದ ಬಿಡ್ಡಿಸ್ ಮತ್ತು ಚೌ ಎಂಬ ಸಂಶೋಧಕರು ಹಿಂದಿನ 25 ವರ್ಷಗಳ ಅಧ್ಯಯನಗಳನ್ನು ಒಟ್ಟುಹಾಕಿ 2007ರಲ್ಲಿ ಪ್ರಕಟಿಸಿದರು. ವಯಸ್ಕರಲ್ಲಿ ಕೇಬಲ್‌ನಿಂದ ನಡೆಯುವ ಕೈಯನ್ನು ಸರಾಸರಿ ಶೇಕಡ 26 ಮಂದಿ, ಮೋಟಾರಿನಿಂದ ಆಡುವ ವಿದ್ಯುತ್ ಕೈಯನ್ನು ಶೇಕಡ 23 ಮಂದಿ ಬಿಟ್ಟೇಬಿಟ್ಟಿದ್ದರು. ಮಕ್ಕಳಲ್ಲಿ ಈ ಪ್ರಮಾಣ ಕ್ರಮವಾಗಿ ಶೇಕಡ 45 ಮತ್ತು 35. ಅಧ್ಯಯನದಿಂದ ಅಧ್ಯಯನಕ್ಕೆ ಅಂಕಿಗಳು ಬಹಳ ಏರಿಳಿಯುತ್ತವೆ ಎಂಬುದನ್ನೂ ಅವರೇ ಹೇಳಿದ್ದಾರೆ. ಆದರೂ ವಯಸ್ಕರ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ: 26 ಮತ್ತು 23. ಬೆಲೆಯಲ್ಲಿ ಎಷ್ಟೋ ಪಟ್ಟು ಅಂತರವಿರುವ ಎರಡು ಸಾಧನಗಳು ಕಪಾಟು ಸೇರುವ ಪ್ರಮಾಣದಲ್ಲಿ ಅಂತರ ಅಷ್ಟೇ. ಬಿಟ್ಟವರು ಹೇಳುವ ಕಾರಣಗಳು ಯಂತ್ರದ ಜಾಣ್ಮೆಗಿಂತ ದೇಹಕ್ಕೆ ಹತ್ತಿರವಾದವು. ಭಾರ, ಸೆಕೆ, ಬೆವರು, ಸಾಕೆಟ್ (ಉಳಿದ ತೋಳನ್ನು ತೂರಿಸುವ ಗಟ್ಟಿ ಗವಸು) ಒತ್ತುವ ನೋವು, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ, ಇದನ್ನು ಹಾಕಿಕೊಂಡರೂ ಹಾಕಿಕೊಳ್ಳದಿದ್ದರೂ ಕೆಲಸ ಅಷ್ಟೇ ಸಾಗುತ್ತದೆ ಎಂಬ ಭಾವನೆ. ಒಂದು ಕೈ ಉಳಿದವರು ಅದರಿಂದಲೇ ಬಹುಪಾಲು ಕೆಲಸವನ್ನು ಕೆಲವೇ ತಿಂಗಳಲ್ಲಿ ಕಲಿತುಬಿಡುತ್ತಾರೆ. ಆದ್ದರಿಂದ ಕೃತಕ ಕೈ ಪೈಪೋಟಿ ನಡೆಸಬೇಕಾದದ್ದು ಕಳೆದುಹೋದ ಕೈಯೊಡನೆಯಲ್ಲ, ಉಳಿದಿರುವ ಕೈಯೊಡನೆ.

ಸಮಯದ ಪ್ರಶ್ನೆ ಇಲ್ಲೇ ಬರುತ್ತದೆ. ಅದೇ ಸಂಶೋಧಕರ ಇನ್ನೊಂದು ಸಮೀಕ್ಷೆಯಲ್ಲಿ, ಕೈ ಕಳೆದುಕೊಂಡ ಆರು ತಿಂಗಳೊಳಗೆ (ಹುಟ್ಟಿನಿಂದ ಕೈಯಿಲ್ಲದವರಾದರೆ ಎರಡು ವರ್ಷದೊಳಗೆ) ಕೃತಕ ಕೈ ಜೋಡಿಸಿಕೊಂಡವರು ಅದನ್ನು ಬಳಸುತ್ತ ಉಳಿಯುವ ಸಾಧ್ಯತೆ ಉಳಿದವರಿಗಿಂತ 16 ಪಟ್ಟು ಹೆಚ್ಚೆಂದು ಕಂಡುಬಂತು. ಇದನ್ನು ಎಚ್ಚರದಿಂದ ಓದಬೇಕು. ಬೇಗ ಜೋಡಿಸಿಕೊಂಡವರಿಗೆ ಒಳ್ಳೆಯ ಆಸ್ಪತ್ರೆ, ಹಣ, ಮನೆಯವರ ಬೆಂಬಲ ಮೊದಲೇ ಇದ್ದಿರಬಹುದು. ಬಳಕೆಗೆ ಅವೂ ಕಾರಣವಾಗಿರಬಹುದು. ಆದರೂ ಅಮೆರಿಕದ ಶಸ್ತ್ರವೈದ್ಯರು 1984ರಷ್ಟು ಹಿಂದೆಯೇ ಮೊದಲ 30 ದಿನಗಳನ್ನು ಅಮೂಲ್ಯವೆಂದು ಗುರುತಿಸಿದ್ದರು. ನಿಮ್ಮ ತಮ್ಮನವರಿಗೆ ಐದು ತಿಂಗಳಾಗಿರುವುದರಿಂದ ಬಾಗಿಲೇನೂ ಮುಚ್ಚಿಲ್ಲ. ಆದರೆ ಎಂಟು ಲಕ್ಷ ಹೊಂದಿಸುವುದಕ್ಕೆ ಇನ್ನೊಂದು ವರ್ಷ ಕಾಯುವುದಕ್ಕಿಂತ, ಕಡಿಮೆ ಖರ್ಚಿನ, ಚೆನ್ನಾಗಿ ಹೊಂದುವ ಕೈಯೊಂದನ್ನು ಮುಂದಿನ ಕೆಲವೇ ವಾರಗಳಲ್ಲಿ ಹಾಕಿಸುವುದು ಮೇಲೆಂದು ನಾನು ದೃಢವಾಗಿ ನಂಬಿದ್ದೇನೆ.

ಅಂಥ ಕೈ ಎಂದರೆ ಕೇಬಲ್‌ನಿಂದ ನಡೆಯುವ ಹುಕ್ಕು. ಅದನ್ನು ಕೇಳಿ ಅವರ ಮುಖ ಸಪ್ಪೆಯಾಗಬಹುದು, ಅದು ನನಗೆ ಅರ್ಥವಾಗುತ್ತದೆ. ಆದರೆ ಅದು ನಡೆಯುವ ಬಗೆಯನ್ನು ಒಮ್ಮೆ ನೋಡಲಿ. ಎದುರು ಭುಜದ ಕಂಕುಳನ್ನು ಬಳಸಿದ ಪಟ್ಟಿಯಿಂದ ಒಂದು ಕೇಬಲ್ ಬೆನ್ನಿನ ಮೇಲೆ ಹಾದು ಹುಕ್ಕಿಗೆ ಬರುತ್ತದೆ. ಭುಜ ಮುಂದಕ್ಕೆ ತಂದರೆ ಹುಕ್ಕು ಬಾಯಿ ತೆರೆಯುತ್ತದೆ, ಸಡಿಲಿಸಿದರೆ ರಬ್ಬರ್ ಬಳೆಗಳ ಬಿಗಿತದಿಂದ ಮುಚ್ಚಿಕೊಂಡು ಹಿಡಿಯುತ್ತದೆ. ಬಾಯಿ ಎಷ್ಟು ತೆರೆದಿದೆ ಎಂಬುದು ಕೇಬಲ್ಲಿನ ಎಳೆತದಿಂದಲೇ ಭುಜಕ್ಕೆ ತಿಳಿಯುವುದರಿಂದ, ಕಣ್ಣಿಟ್ಟು ನೋಡಬೇಕಾದದ್ದು ಕಡಿಮೆಯಾಗುತ್ತದೆ. ಬ್ಯಾಟರಿಯಿಲ್ಲ, ಧೂಳಿನ ಭಯವಿಲ್ಲ. ರಬ್ಬರ್ ಬಳೆ ಹರಿದರೆ ಮನೆಯಲ್ಲೇ ಬದಲಿಸಬಹುದು. ಕೇಬಲ್ ಮತ್ತು ವಿದ್ಯುತ್, ಈ ಎರಡೂ ಬಗೆಯ ಕೈಗಳ ಕುರಿತ ಅಧ್ಯಯನಗಳನ್ನು 2015ರಲ್ಲಿ ಒಟ್ಟಾಗಿ ಪರಿಶೀಲಿಸಿದ ಕೇರಿ ಮತ್ತು ಸಂಗಡಿಗರು, ಒಟ್ಟಾರೆಯಾಗಿ ಒಂದು ಇನ್ನೊಂದಕ್ಕಿಂತ ಮೇಲು ಎನ್ನಲು ಸಾಕಷ್ಟು ಆಧಾರವಿಲ್ಲವೆಂದೇ ತೀರ್ಮಾನಿಸಿದರು. ಬಾಳಿಕೆ, ಕಲಿಯುವ ಅವಧಿ, ರಿಪೇರಿ, ಹಿಡಿತದ ಅರಿವು ಇವುಗಳಲ್ಲಿ ಕೇಬಲ್ಲಿನ ಕೈ ಮುಂದು. ನೋಟ, ಹಗುರ ಕೆಲಸ, ಕಳೆದುಹೋದ ಕೈ ಇನ್ನೂ ಇದೆಯೆಂಬಂತೆ ಅದರಲ್ಲಿ ಕಾಡುವ ನೋವು ಕಡಿಮೆಯಾಗುವುದು ಇವುಗಳಲ್ಲಿ ವಿದ್ಯುತ್ ಕೈ ಮುಂದು. ಕಚೇರಿಯಲ್ಲಿ ಕುಳಿತು ಕೆಲಸ ಮಾಡುವವರ ಅಕ್ಕ ಈ ಪತ್ರ ಬರೆದಿದ್ದರೆ ನನ್ನ ಉತ್ತರ ಬೇರೆಯಾಗಿರುತ್ತಿತ್ತು.

ಇನ್ನು 'ಮನಸ್ಸಿನಿಂದ ಆಡುವ ಕೈ' ಎಂಬ ಮಾತು. ಮಾರಾಟಗಾರರು ತೋರಿಸಿದ್ದು ಬಹುಮಟ್ಟಿಗೆ ಮಯೋಎಲೆಕ್ಟ್ರಿಕ್ ಕೈ ಇರಬೇಕು. ತೋಳಿನಲ್ಲಿ ಉಳಿದ ಸ್ನಾಯು ಬಿಗಿದಾಗ ಚರ್ಮದ ಮೇಲೆ ಹುಟ್ಟುವ ಅತಿ ಸಣ್ಣ ವಿದ್ಯುತ್ತನ್ನು ಎಲೆಕ್ಟ್ರೋಡ್ ಹಿಡಿದು ಮೋಟಾರಿಗೆ ಕೊಡುತ್ತದೆ. ಮಿದುಳಿಗೆ ಯಾವ ತಂತಿಯೂ ಹೋಗುವುದಿಲ್ಲ. ನಮ್ಮ ಲೇಖನದಲ್ಲಿದ್ದದ್ದು ಅದಕ್ಕಿಂತ ಮುಂದಿನದು. ಶಿಕಾಗೋದ ವೈದ್ಯ ಟಾಡ್ ಕೈಕೆನ್ ಅವರ ತಂಡ 2000ದ ದಶಕದ ಆರಂಭದಲ್ಲಿ, ಕಳೆದ ಕೈಗೆ ಹೋಗುತ್ತಿದ್ದ ನರಗಳನ್ನು ಎದೆಯ ಅಥವಾ ಮೇಲ್ದೋಳಿನ ಸ್ನಾಯುಗಳಿಗೆ ಜೋಡಿಸಿತು. ಮುಷ್ಟಿ ಮುಚ್ಚಬೇಕೆಂದು ಎಣಿಸಿದರೆ ಎದೆಯ ಸ್ನಾಯುವಿನ ಒಂದು ಭಾಗ ಬಿಗಿಯುತ್ತದೆ, ಎಲೆಕ್ಟ್ರೋಡ್ ಅದನ್ನು ಓದುತ್ತದೆ. ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ, ಮೊಣಕೈ ಮೇಲೆ ತೋಳು ಕಳೆದುಕೊಂಡ ಎಂಟು ಮಂದಿಯ ಮೇಲೆ ನಡೆದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಪ್ರತಿಯೊಬ್ಬರೂ ಎರಡು ಬಗೆಯ ನಿಯಂತ್ರಣ ಕ್ರಮಗಳನ್ನು ತಲಾ ಆರರಿಂದ ಎಂಟು ವಾರ ಮನೆಯಲ್ಲಿ ಬಳಸಿದರು. ಯಾವುದು ಮೊದಲು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಗಿತ್ತು. ಹಲವು ಸ್ನಾಯುಗಳ ಸಂಕೇತಗಳ ಮಾದರಿಯನ್ನು ಕಂಪ್ಯೂಟರ್ ಗುರುತಿಸುವ ಕ್ರಮವೇ ಮೇಲೆಂದು ಎಂಟರಲ್ಲಿ ಏಳು ಮಂದಿ ಹೇಳಿದರು. ಎಂಟೇ ಮಂದಿಯೇ ಎಂದು ನೀವು ಕೇಳಬಹುದು. ತೋಳು ಕಳೆದುಕೊಂಡವರು ಕಾಲು ಕಳೆದುಕೊಂಡವರಿಗಿಂತ ಬಹಳ ಕಡಿಮೆ, ಒಬ್ಬರ ತೋಳಿನ ಉಳಿಕೆ ಇನ್ನೊಬ್ಬರದರಂತೆ ಇರುವುದಿಲ್ಲ. ಆದ್ದರಿಂದಲೇ ಒಬ್ಬರನ್ನು ಅವರೊಡನೆಯೇ ಹೋಲಿಸುವ ಈ ಬಗೆಯ ಪ್ರಯೋಗ ಇಲ್ಲಿ ನ್ಯಾಯವಾದದ್ದು. ನಿಮ್ಮ ತಮ್ಮನವರಿಗಾದರೋ ಮೊಣಕೈ ಉಳಿದಿದೆ, ಬೆರಳುಗಳನ್ನು ಆಡಿಸುವ ಸ್ನಾಯುಗಳ ಮೇಲ್ಭಾಗ ಮುಂಗೈಯಲ್ಲೇ ಇದೆ. ಮುಂದೊಂದು ದಿನ ವಿದ್ಯುತ್ ಕೈ ಹಾಕಿಸಿದರೂ ನರ ಜೋಡಿಸುವ ಶಸ್ತ್ರಚಿಕಿತ್ಸೆ ಅದಕ್ಕೆ ಬೇಕಾಗಲಾರದು.

ಮುಟ್ಟಿದ್ದು ತಿಳಿಯುವ ಕೈಗಳದ್ದು ಇನ್ನೂ ಚಿಕ್ಕ ಲೋಕ. ಕ್ಲೀವ್‌ಲ್ಯಾಂಡಿನ ಡಸ್ಟಿನ್ ಟೈಲರ್ ಅವರ ತಂಡ 2014ರಲ್ಲಿ ವರದಿ ಮಾಡಿದ್ದು ಇಬ್ಬರ ಬಗ್ಗೆ. ತೋಳಿನ ನರಗಳ ಸುತ್ತ ಅಳವಡಿಸಿದ ಎಲೆಕ್ಟ್ರೋಡಿನಿಂದ ಅವರಿಗೆ ಇಲ್ಲದ ಬೆರಳ ತುದಿಯಲ್ಲಿ ಸ್ಪರ್ಶ ತಿಳಿಯುತ್ತಿತ್ತು. ಚೆರಿ ಹಣ್ಣನ್ನು ನಜ್ಜುಗುಜ್ಜಾಗದಂತೆ ಹಿಡಿದು ತೊಟ್ಟು ಕೀಳಲು ಸಾಧ್ಯವಾಗಿತ್ತು. ಸ್ವೀಡನ್ನಿನ ಮ್ಯಾಕ್ಸ್ ಓರ್ಟಿಜ್ ಕಟಲಾನ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ್ದು ನಾಲ್ಕು ಮಂದಿಯ ಅನುಭವ. ಅಲ್ಲಿ ಸಾಕೆಟ್ಟೇ ಇಲ್ಲ. ಮೂಳೆಯೊಳಗೆ ಕೂಡಿಸಿದ ಟೈಟೇನಿಯಂ ಕಂಬಕ್ಕೆ ತೋಳನ್ನು ಜೋಡಿಸಿ, ಅದರ ಮೂಲಕವೇ ನರ ಮತ್ತು ಸ್ನಾಯುಗಳ ತಂತಿಗಳನ್ನು ಹೊರತಂದಿದ್ದರು. ಅವರು ಅದನ್ನು ಮೂರರಿಂದ ಏಳು ವರ್ಷ ದಿನನಿತ್ಯದ ಬದುಕಿನಲ್ಲಿ ಬಳಸಿದ್ದರೆಂಬುದೇ ಆ ವರದಿಯ ಹೆಚ್ಚುಗಾರಿಕೆ. ಇಂಥ ಕೆಲಸವನ್ನು ಈ ಪತ್ರಿಕೆ ಮುಂದೆಯೂ ಸಂತೋಷದಿಂದ ಪ್ರಕಟಿಸುತ್ತದೆ. ಆದರೆ ದರಪಟ್ಟಿಯಲ್ಲಿ 'ಸ್ಪರ್ಶ' ಎಂದು ಬರೆದಿದ್ದರೆ ಅದು ಬಹುಶಃ ಬೆರಳಿನ ಒತ್ತಡಕ್ಕೆ ತಕ್ಕಂತೆ ತೋಳಿನ ಚರ್ಮದ ಮೇಲೆ ಕಂಪಿಸುವ ಪುಟ್ಟ ಮೋಟಾರು. ಅದಕ್ಕೂ ಉಪಯೋಗವಿದೆ, ಆದರೆ ಅದು ಬೇರೆ ವಸ್ತು.

ಈಗ ಮಾಡಬೇಕಾದದ್ದು. ಕೃತಕ ಅಂಗ ಜೋಡಿಸುವ ಮಹಾವೀರ ಲಿಂಬ್ ಸೆಂಟರ್ ಹುಬ್ಬಳ್ಳಿಯಲ್ಲಿದೆ. ಬೆಂಗಳೂರಿನಲ್ಲಿ 1994ರಿಂದ ಕೆಲಸ ಮಾಡುತ್ತಿರುವ ಮೊಬಿಲಿಟಿ ಇಂಡಿಯಾ ಇದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇನ್ನೂ ಮಾಡಿಸದಿದ್ದರೆ ಮೊದಲು ಅದನ್ನು ಮಾಡಿಸಿ. ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಲ್ಲಿ ಸಾಧನಕ್ಕೆ ನೆರವು ಸಿಗುವ ಸಾಧ್ಯತೆಯನ್ನು ಜಿಲ್ಲಾ ಅಂಗವಿಕಲರ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ. ಎಲ್ಲಿ ಹೋದರೂ ಕೈಯ ಮಾದರಿಗಿಂತ ಸಾಕೆಟ್ಟಿನ ಬಗ್ಗೆ ಹೆಚ್ಚು ಕೇಳಿ. ತೋಳಿನ ಬಾವು ಇಳಿಯುತ್ತ ಅಳತೆ ಬದಲಾಗುವುದರಿಂದ ಸಾಕೆಟ್ಟನ್ನು ಮತ್ತೆ ಸರಿಪಡಿಸಬೇಕಾಗುತ್ತದೆ. ಅದನ್ನು ಮಾಡಿಕೊಡುವವರು ಯಾರು, ತರಬೇತಿ ಕೊಡುವ ಆಕ್ಯುಪೇಷನಲ್ ಥೆರಪಿಸ್ಟ್ ಇದ್ದಾರೆಯೇ ಎಂದು ಮೊದಲ ದಿನವೇ ತಿಳಿದುಕೊಳ್ಳಿ. ಕೆಲವು ತಿಂಗಳ ಬಳಕೆಯ ನಂತರ ಹುಕ್ಕಿನಿಂದ ಏನೇನು ಆಗುವುದಿಲ್ಲ ಎಂಬುದು ಅವರಿಗೇ ಸ್ಪಷ್ಟವಾಗುತ್ತದೆ. ಆಗ ವಿದ್ಯುತ್ ಕೈಯ ಮಾತು ಎತ್ತಬಹುದು. ಆ ಮಾರಾಟಗಾರರನ್ನು ಆಗ ಕರೆಸಿ ಕೇಳಿ: ಕೊಳ್ಳುವ ಮೊದಲು ಒಂದು ತಿಂಗಳು ನಮ್ಮ ಹೊಲದಲ್ಲಿ ಬಳಸಿ ನೋಡಲು ಕೊಡುತ್ತೀರಾ? ನೀವು ಕೈ ಹಾಕಿಸಿದವರಲ್ಲಿ ಒಂದು ವರ್ಷದ ನಂತರವೂ ದಿನಕ್ಕೆ ಐದಾರು ಗಂಟೆ ಹಾಕಿಕೊಳ್ಳುವ ರೈತರೊಬ್ಬರನ್ನು ಭೇಟಿ ಮಾಡಿಸುತ್ತೀರಾ? ಮೋಟಾರು ಕೆಟ್ಟರೆ ಎಲ್ಲಿಗೆ ಕಳಿಸಬೇಕು, ಎಷ್ಟು ವಾರ ಕೈಯಿಲ್ಲದೆ ಇರಬೇಕು?

ಟ್ರಯಲ್‌ಗೆ ಸೇರುವ ಆಸೆ ಒಳ್ಳೆಯದು. ಭಾರತದಲ್ಲಿ ನಡೆಯುವ ಕ್ಲಿನಿಕಲ್ ಅಧ್ಯಯನಗಳು ದಾಖಲಾಗುವ ಸಿಟಿಆರ್‌ಐ ಎಂಬ ಸಾರ್ವಜನಿಕ ನೋಂದಣಿ 2007ರಿಂದ ಇದೆ. ಅಂತರ್ಜಾಲದಲ್ಲಿ ಯಾರು ಬೇಕಾದರೂ ಹುಡುಕಬಹುದು. ಯಾರಾದರೂ "ನಮ್ಮಲ್ಲಿ ಟ್ರಯಲ್ ಇದೆ" ಎಂದರೆ ಮೊದಲು ಅದರ ನೋಂದಣಿ ಸಂಖ್ಯೆ ಮತ್ತು ನೈತಿಕ ಸಮಿತಿಯ ಒಪ್ಪಿಗೆ ಕೇಳಿ. ಒಪ್ಪಿಗೆ ಪತ್ರ ಕನ್ನಡದಲ್ಲಿ ಇರಬೇಕು, ಓದಿ ಯೋಚಿಸಲು ಸಮಯ ಕೊಡಬೇಕು, ಬೇಡವೆನಿಸಿದ ದಿನ ಹೊರಬರುವ ಸ್ವಾತಂತ್ರ್ಯ ಇರಬೇಕು. ಸಂಶೋಧನೆಯ ಖರ್ಚನ್ನು ಭಾಗವಹಿಸುವವರಿಂದ ವಸೂಲು ಮಾಡಬಾರದೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲಿದೆ. ಟ್ರಯಲ್ ಹೆಸರಿನಲ್ಲಿ ಯಂತ್ರಕ್ಕೆ ಹಣ ಕೇಳಿದರೆ ಅಲ್ಲಿಂದ ಎದ್ದುಬನ್ನಿ. ಇನ್ನೊಂದು ಪ್ರಶ್ನೆಯನ್ನು ಕೇಳಲು ಬಹಳ ಮಂದಿ ಮರೆಯುತ್ತಾರೆ: ಅಧ್ಯಯನ ಮುಗಿದ ಮೇಲೆ ಕೈಯನ್ನು ವಾಪಸು ಪಡೆಯುತ್ತೀರಾ? ಮೂರು ತಿಂಗಳು ಎರಡು ಕೈಯಲ್ಲಿ ಉಂಡವರಿಂದ ಒಂದನ್ನು ಕಳಚಿಕೊಂಡು ಹೋಗುವುದು ಎಂಥ ನಷ್ಟವೆಂಬುದನ್ನು ಸಂಶೋಧಕರೂ ಯೋಚಿಸಬೇಕು, ಸೇರುವವರೂ ಮೊದಲೇ ತಿಳಿದಿರಬೇಕು.

ರಾತ್ರಿ ಇಲ್ಲದ ಬೆರಳುಗಳು ಉರಿಯುತ್ತವೆ ಎಂದು ನಿಮ್ಮ ತಮ್ಮನವರು ಹೇಳುವುದನ್ನು ಮನೆಯಲ್ಲಿ ಭ್ರಮೆಯೆಂದು ತಳ್ಳಿಹಾಕಬೇಡಿ. ಅದು ನಿಜವಾದ ನೋವು, ವೈದ್ಯಕೀಯದಲ್ಲಿ ಹೆಸರು ಮತ್ತು ಚಿಕಿತ್ಸೆಯಿರುವ ನೋವು. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೆ ಅದನ್ನು ಇದ್ದ ಹಾಗೆಯೇ ಹೇಳಲಿ.

ನಿಮ್ಮ ತಾಯಿಯವರು ಕೇಳಿದ್ದು, ತಂಗಿಯ ಮದುವೆಯ ಹೊತ್ತಿಗೆ ಮಗನಿಗೆ ನೋಡಲು ಕೈಯಂತೆಯೇ ಇರುವ, ಆಡದ ಕೈಯೊಂದನ್ನು ಹಾಕಿಸಬಹುದೇ ಎಂದು. ಕೆಲಸಕ್ಕೆ ಬಾರದ ವಸ್ತುವಿಗೆ ಹಣ ದಂಡ ಎಂದು ನೀವು ಅದನ್ನು ತಡೆದಿದ್ದೀರಿ. ಈ ಒಂದು ವಿಷಯದಲ್ಲಿ ನಾನು ತಾಯಿಯವರ ಪಕ್ಷ. ಆಡದ ಕೈಯೂ ಬರಿದೇ ತೋರಿಕೆಯದಲ್ಲ. ಕಾಗದ ಒತ್ತಿ ಹಿಡಿಯಲು, ತಟ್ಟೆಯನ್ನು ಆನಿಸಿಕೊಳ್ಳಲು, ಚೀಲವನ್ನು ತೋಳಿಗೆ ತೂಗುಹಾಕಲು ಅದನ್ನು ಬಳಸುವವರು ಬಹಳ ಮಂದಿಯಿದ್ದಾರೆ; ಅಧ್ಯಯನಗಳೂ ಇದನ್ನು ದಾಖಲಿಸಿವೆ. ಮೋಟಾರಿಲ್ಲದ್ದರಿಂದ ಅದು ಹಗುರ, ಬೆಲೆಯೂ ಕಡಿಮೆ. ಸಾಕೆಟ್ಟಿನ ತುದಿಯಲ್ಲಿ ಕಳಚಿ ಜೋಡಿಸುವ ವ್ಯವಸ್ಥೆಯಿದ್ದರೆ ಹೊಲಕ್ಕೆ ಹುಕ್ಕು, ಮದುವೆಗೆ ಕೈ ಎಂದು ಒಂದೇ ಸಾಕೆಟ್ಟಿಗೆ ಎರಡನ್ನೂ ಹಾಕಿಕೊಳ್ಳಬಹುದು. ಅಳತೆ ಕೊಡಲು ಹೋದಾಗ ಎರಡೂ ಬೇಕೆಂದು ಹೇಳಿ. ಚರ್ಮದ ಬಣ್ಣ ಹೊಂದಿಸಲು ಎಡಗೈಯನ್ನು ಹಗಲು ಬೆಳಕಿನಲ್ಲಿ ತೋರಿಸಲಿ.

ಸಂಪಾದಕರು